ಹತ್ತು ತೊಲಿ ಹಗುರಾದ ಬ್ರೇಕು

ಇವತ್ತು ಯಾರ ಮೇಲೂ ಸಿಟ್ಟಾಗಬಾರದು ಎಂದು ದಿನಾ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ನಿರ್ಧಾರ ಮಾಡುತ್ತೇನೆ. ಹತ್ತು ಗಂಟೆಯೊಳಗೆ ಯಾರಾದರೊಬ್ಬರು ಬಂದು ಆ ನಿರ್ಧಾರ ಮುರಿದು, ಮೇಲೆ ನನ್ನದೇ ಚಹಾ ಕುಡಿದು ಹೋಗುತ್ತಾರೆ. ಬೈಲಹೊಂಗಲದ ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟು ಇಪ್ಪತ್ತೆಂಟು ವರ್ಷವಾಯಿತು, ಇಂಥದ್ದು ನಡೆಯದ ವಾರವಿಲ್ಲ. ನನಗೆ ಯಾಕೆ ಸಿಟ್ಟು ಬಂತು ಎಂದು ಬಿಡಿಸಿ ಹೇಳಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅದಕ್ಕೂ ಸಿಟ್ಟು ಬರುತ್ತದೆ.

ಹೋದ ಚಳಿಗಾಲದಲ್ಲಿ ಮಾತ್ರ ಒಂದು ತಿಂಗಳು ಬಿಡುವಿಲ್ಲದೆ ಸಿಟ್ಟಿನಲ್ಲಿದ್ದೆ. ಕಾರಣ, ಒಂದು ಜೊತೆ ಬ್ರೇಕು.

ನನ್ನ ತಂಗಿಯನ್ನು ಮನೋಳಿಗೆ ಕೊಟ್ಟಿದ್ದೇವೆ. ಅವಳ ಮಗಳು ಸೈಕಲ್ ರೇಸಿನ ಹುಡುಗಿ. ಮಾತು ಕಡಿಮೆ, ಕಾಲು ಚುರುಕು. ಸರಕಾರದ ಕ್ರೀಡಾ ಹಾಸ್ಟೆಲಿಗೆ ಸೇರಬೇಕೆಂಬುದೊಂದೇ ಅವಳ ಆಸೆ. ಅಲ್ಲಿ ತರಬೇತಿ, ಊಟ, ಓದು ಎಲ್ಲ ಅವರದೇ. ಹುಡುಗಿಯರಿಗೆ ಇರುವುದು ಎರಡೇ ಜಾಗ, ರೇಸಿನಲ್ಲಿ ಮೊದಲ ಇಬ್ಬರಲ್ಲಿ ಬರಬೇಕು. ಹಿಂದಿನ ವರ್ಷ ಇವಳು ಐದನೆಯವಳಾಗಿ ಬಂದಿದ್ದಳು. ಏರಿನಲ್ಲಿ ಎಲ್ಲರಿಗಿಂತ ಮುಂದಿದ್ದವಳು, ಇಳಿಜಾರಿನಲ್ಲಿ ಹಳೆಯ ಬ್ರೇಕಿನ ಮೇಲೆ ನಂಬಿಕೆಯಿಲ್ಲದೆ ಮೇಲಿನಿಂದ ಕೆಳಗಿನ ತನಕ ಬೆರಳು ಬಿಡದೆ ಹಿಡಿದುಕೊಂಡೇ ಇಳಿದಿದ್ದಳು. ನಾಲ್ವರು ಅಲ್ಲೇ ದಾಟಿ ಹೋದರು. ಈ ವರ್ಷ ತಪ್ಪಿದರೆ ವಯಸ್ಸು ಮೀರುತ್ತದೆ, ಮುಂದೆ ಅವಕಾಶವಿಲ್ಲ. ಆ ಹಳೆಯ ಬ್ರೇಕು ಹಾಕಿಕೊಟ್ಟವನು ನಾನೇ. ಹಾಗಾಗಿ ಈ ಸಲ ಹಗುರವೂ ಇರಬೇಕು, ಹಿಡಿದರೆ ಗಪ್ಪನೆ ನಿಲ್ಲಬೇಕು, ಅಂಥ ಮೇಲ್ದರ್ಜೆಯ ಬ್ರೇಕನ್ನೇ ಹಾಕಿಸುತ್ತೇನೆಂದು ಹಟ ಹಿಡಿದೆ.

೧. ಸರಾಫರ ತಕ್ಕಡಿ

ಪುಣೆಯ ಪರಿಚಯದ ಅಂಗಡಿಯವರಿಂದ ಎರಡು ಜೊತೆ ತರಿಸಿದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸ್ ಕಳಿಸುವ ಮಾತಾಗಿತ್ತು. ಬೆಲೆಯನ್ನು ನಾನು ಇಲ್ಲಿ ಹೇಳುವುದಿಲ್ಲ, ತಂಗಿ ಓದಿದರೆ ಕಷ್ಟ. ಎರಡು ಜೊತೆಯೂ ಚಕ್ರದ ರಿಮ್ಮನ್ನು ಎರಡು ಕಡೆಯಿಂದ ಅಮುಕಿ ಹಿಡಿಯುವಂಥವು. ಈಗಿನ ಹೊಸ ರೇಸ್ ಸೈಕಲ್ಲಿಗೆ ಮೋಟಾರ್ ಸೈಕಲ್ಲಿನ ಹಾಗೆ ಡಿಸ್ಕ್ ಬ್ರೇಕು ಬರುತ್ತದೆ, ಆದರೆ ನಮ್ಮ ಹುಡುಗಿಯದು ಯಾರೋ ಓಡಿಸಿ ಬಿಟ್ಟ ಸೈಕಲ್ಲು, ಅದಕ್ಕೆ ಕೂರುವುದಿಲ್ಲ.

ಪೆಟ್ಟಿಗೆಯ ಮೇಲೆ ಬರೆದ ತೂಕವನ್ನು ನಂಬುವ ಜಾಯಮಾನ ನನ್ನದಲ್ಲ. ನನ್ನಲ್ಲಿರುವ ತಕ್ಕಡಿಯೋ ಹಳೆಯ ಕಬ್ಬಿಣ ತೂಗುವಂಥದ್ದು, ಅದಕ್ಕೆ ನೂರು ಗ್ರಾಮ್ ಲೆಕ್ಕಕ್ಕೇ ಇಲ್ಲ. ಹಳೆಯ ಬ್ರೇಕು, ಹೊಸ ಎರಡು ಜೊತೆ, ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಸಾಲಿನ ಕೊನೆಗಿರುವ ಸರಾಫರ ಅಂಗಡಿಗೆ ಹೋದೆ. ಗಾಜಿನ ಪೆಟ್ಟಿಗೆಯೊಳಗಿನ ಅವರ ತಕ್ಕಡಿ ಉಸಿರು ಬಿಟ್ಟರೂ ಅಲ್ಲಾಡುತ್ತದೆ.

ಅಲ್ಲಿ ಒಂದು ಕುಟುಂಬ ಮದುವೆಯ ಬಂಗಾರಕ್ಕೆ ಬಂದು ಕೂತಿತ್ತು. ಸರಾಫರು ಮೊದಲು ಕೈ ತೊಳೆದುಕೊಂಡು, ಮಖಮಲ್ ಬಟ್ಟೆ ಹಾಸಿ, ಬ್ರೇಕನ್ನು ಎರಡು ಬೆರಳಲ್ಲಿ ಎತ್ತಿಟ್ಟರು. ಹಳೆಯದು ಮೂವತ್ತೆಂಟು ತೊಲಿ, ಹೊಸದರಲ್ಲಿ ಒಂದು ಇಪ್ಪತ್ತೆಂಟು, ಇನ್ನೊಂದು ಇಪ್ಪತ್ತೈದು. ಹತ್ತು ತೊಲಿ ಕಡಿಮೆಯಾಯಿತಲ್ಲ ಎಂದು ನಾನು ಖುಷಿಯಿಂದ ಅಂದೆ. ಕೂತಿದ್ದ ಹಿರಿಯ ಹೆಂಗಸೊಬ್ಬರು ಎದೆ ಮುಟ್ಟಿಕೊಂಡರು. ಹತ್ತು ತೊಲಿ ಕಡಿಮೆ ಬಂದರೂ ನಗುವ ಗಂಡಸನ್ನು ಅವರು ಅವತ್ತೇ ನೋಡಿದ್ದಂತೆ. ಮಾಡಿದವನನ್ನು ಹಿಡಿದು ಕೇಳಿ, ನಡುವೆ ಯಾರೋ ತಿಂದಿದ್ದಾರೆ ಎಂದು ನನಗೆ ಬುದ್ಧಿ ಹೇಳಿದರು. ಅಲ್ಲಿದ್ದವರೆಲ್ಲ ಹೌದು ಹೌದೆಂದು ನನ್ನ ಪರವಾಗಿ ಮರುಗತೊಡಗಿದರು.

ನಾನು ಹಲ್ಲು ಕಚ್ಚಿಕೊಂಡು ಬ್ರೇಕಿನ ತೋಳನ್ನು ಬೆರಳಲ್ಲಿ ಅಮುಕಿ ನೋಡುತ್ತಿದ್ದೆ. ಇಪ್ಪತ್ತೈದು ತೊಲಿಯದು ನೋಡಲು ಚೆಂದ, ಆದರೆ ತೋಳು ಬಾಗುತ್ತಿತ್ತು. ಬಾಗುವ ಬ್ರೇಕಿನಲ್ಲಿ ಕೈಯ ಬಲವೆಲ್ಲ ಬಾಗಿಸುವುದಕ್ಕೇ ಹೋಗುತ್ತದೆ, ಚಕ್ರಕ್ಕೆ ಮುಟ್ಟುವುದಿಲ್ಲ. ಮೂರು ತೊಲಿ ಹೆಚ್ಚಾದರೂ ಅಲ್ಲಾಡದ್ದೇ ಇರಲಿ ಎಂದು ಅಲ್ಲೇ ತೀರ್ಮಾನ ಮಾಡಿ, ಅದರ ಸರಿಯಾದ ತೂಕವನ್ನು ಒಂದು ಚೀಟಿಯಲ್ಲಿ ಬರೆದುಕೊಡಿ ಎಂದೆ. ಸರಾಫರು ಕನ್ನಡಕ ಏರಿಸಿ, ಬ್ರೇಕಿನ ಕಪ್ಪು ರಬ್ಬರನ್ನು ಉಗುರಿನಿಂದ ತಟ್ಟಿ ಕೇಳಿದರು:

"ಕರಿಮಣಿ ಹಿಡದ ಬರೀಲೋ, ಕಳದ ಬರೀಲೋ?"

೨. ದೊಡವಾಡದ ಶೂನ್ಯ ತೂಕ

ಸುದ್ದಿ ಪೇಟೆಗೆ ಹಬ್ಬಿತು. ಮಾರನೆಯ ದಿನದಿಂದ ನನ್ನ ಅಂಗಡಿಯ ಬೆಂಚಿನ ಮೇಲೆ ಬ್ರೇಕಿನ ಪಂಚಾಯತಿ ಶುರು. ಊರಿಗೆಲ್ಲ ನನ್ನದೇ ಉಸಾಬರಿ. ಕಬ್ಬಿನ ಲಾರಿ ಓಡಿಸುವ ಸಾಹೇಬರು, ಬ್ರೇಕೆಂದರೆ ಭಾರ ಇರಬೇಕು, ತಮ್ಮ ಲಾರಿಯದು ಎತ್ತಲು ಇಬ್ಬರು ಬೇಕು ಎಂದರು. ಲಾರಿಗೆ ಹದಿನೈದು ಟನ್ನು, ಹುಡುಗಿಗೆ ನಲವತ್ತೇಳು ಕಿಲೋ ಎಂದೆ. ಹಾಗಾದರೆ ಮೊದಲು ಹುಡುಗಿಗೆ ಸರಿಯಾಗಿ ಊಟ ಹಾಕಿ ಎಂದರು. ಬ್ರೇಕನ್ನು ಸೈಕಲ್ಲಿಗೆ ಕೂರಿಸಿ ಅಂಗಡಿಯಲ್ಲೇ ನಿಲ್ಲಿಸಿದ್ದೆ, ಬಂದವರೆಲ್ಲ ಒಮ್ಮೆ ಅದರ ಹಿಡಿಕೆ ಒತ್ತಿ ನೋಡದೆ ಹೋಗುತ್ತಿರಲಿಲ್ಲ. ರೇಸಿಗೆ ಮೊದಲೇ ಅದರ ಆಯುಷ್ಯ ಮುಗಿಯುತ್ತದೋ ಏನೋ ಎಂದು ಹಿಡಿಕೆಗೆ ಹಳೆಯ ಟ್ಯೂಬು ಸುತ್ತಿಟ್ಟೆ. ಟ್ಯೂಬು ಬಿಚ್ಚಿ ಒತ್ತಿದರು.

ಇಂಥದರಲ್ಲಿ ದೊಡವಾಡದಿಂದ ಒಬ್ಬ ಹಿರಿಯರು ಬಂದರು. ನಿವೃತ್ತ ಪೋಸ್ಟ್‌ಮನ್. ಸಂತೆಯ ದಿನ ನಮ್ಮಲ್ಲಿ ಕೂತು ಹೋಗುವುದು ಅವರ ರೂಢಿ. ಎಲ್ಲರ ಮಾತು ಮುಗಿದ ಮೇಲೆ ಶಾಂತವಾಗಿ, ತಾವು ಮೂವತ್ತಾರು ವರ್ಷ ಟಪಾಲು ಹಂಚಿದ ಸೈಕಲ್ಲಿಗೆ ಬ್ರೇಕೇ ಇರಲಿಲ್ಲ ಎಂದರು. ನಿಲ್ಲಬೇಕಾದರೆ ಬಲಗಾಲೆತ್ತಿ ಚಪ್ಪಲಿಯನ್ನು ಮುಂದಿನ ಟಾಯರಿಗೆ ಒತ್ತುವುದು. ಒಂದು ಪತ್ರವೂ ತಪ್ಪಿಲ್ಲ, ಒಂದು ಎಮ್ಮೆಗೂ ಗುದ್ದಿಲ್ಲ. ಇದಕ್ಕಿಂತ ಹಗುರವಾದ ಬ್ರೇಕು ಪುಣೆಯಲ್ಲೇನು, ವಿಲಾಯತಿಯಲ್ಲೂ ಸಿಗುವುದಿಲ್ಲ ಎಂದರು.

ನನ್ನ ಪಿತ್ತ ನೆತ್ತಿಗೇರಿತು. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಗುಡ್ಡ ಇಳಿಯುವ ಹುಡುಗಿ ಕಾಲೆತ್ತಿ ಟಾಯರಿಗಿಟ್ಟರೆ ಏನಾಗುತ್ತದೆ ಗೊತ್ತೇ ಎಂದು ಕೂಗಾಡಿದೆ. ಅದಲ್ಲದೆ ಶೂನ್ಯ ತೂಕ ಎನ್ನುವುದೂ ಸುಳ್ಳು, ನಿಮ್ಮ ಈ ಟಾಯರ್ ತಳದ ಚಪ್ಪಲಿಯೇ ಒಂದೊಂದು ಅರ್ಧ ಕಿಲೋ ಇದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ ಎಂದೆ. ಹಿರಿಯರಿಗೆ ಎಳ್ಳಷ್ಟೂ ಬೇಸರವಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಎದ್ದರು.

"ಅದನ್ನ ಯಾಕ ಹಿಡೀತೀರಿ? ಚಪ್ಪಲಿ ಹೆಂಗಿದ್ರೂ ಕಾಲಾಗ ಇರತೈತಿ."

ಬೆಂಚಿನವರೆಲ್ಲ ಅವರ ಕಡೆಗೇ ತೀರ್ಪು ಕೊಟ್ಟರು.

೩. ಹುರುಳಿಯ ಮೇಲೆ ಪರೀಕ್ಷೆ

ಬ್ರೇಕು ಹಾಕಿ ಮೊದಲ ಸಲ ಓಡಿಸಿ ನೋಡಲು ಸವದತ್ತಿ ರಸ್ತೆಗೆ ಹೋದೆವು. ಹುಡುಗಿ ಸೈಕಲ್ ಮೇಲೆ, ನಾನು ಹಿಂದೆ ಮೋಟಾರ್ ಸೈಕಲ್ಲಿನಲ್ಲಿ. ಬೆಳಗಿನ ರಸ್ತೆ ಕಪ್ಪಗೆ, ಖಾಲಿ. ಒಂದು ತಿರುವು ದಾಟಿದ್ದೇ ತಡ, ರಸ್ತೆ ಕಾಣದಾಯಿತು. ಅಷ್ಟುದ್ದಕ್ಕೂ ಹುರುಳಿ ಬಳ್ಳಿ ಹರಡಿದ್ದರು. ಹೋಗಿಬರುವ ಗಾಡಿಗಳು ತುಳಿದರೆ ಕಾಳು ಉದುರುತ್ತದೆ, ರಾಶಿಯ ಖರ್ಚಿಲ್ಲ. ಡಾಂಬರು ಬಂದಲ್ಲೆಲ್ಲ ನಮ್ಮ ಜನ ಕಣ ಮಾಡಿಕೊಂಡಿದ್ದಾರೆ.

ಹುಡುಗಿ ಬ್ರೇಕು ಹಿಡಿದಳು. ಬ್ರೇಕು ಚಕ್ರವನ್ನು ಹಿಡಿಯಿತು, ಆದರೆ ಚಕ್ರದ ಕೆಳಗೆ ಹಿಡಿಯಲು ರಸ್ತೆಯೇ ಇರಲಿಲ್ಲ. ಬಳ್ಳಿಯ ಮೇಲೆ ಸೈಕಲ್ ಅಡ್ಡಡ್ಡ ಜಾರಿ, ಮೆತ್ತಗೆ ಮಲಗಿತು. ಅವಳಿಗೆ ಏನೂ ಆಗಲಿಲ್ಲ. ಬ್ರೇಕಿನ ಸಂದಿಯಲ್ಲಿ ಮಾತ್ರ ಬಳ್ಳಿ ಸುತ್ತಿಕೊಂಡು, ಎಮ್ಮೆಯ ಬಾಯಿಂದ ಮೇವು ಜೋತುಬಿದ್ದಂತೆ ಜೋತುಬಿದ್ದಿತ್ತು. ನಾನು ಗಾಡಿ ನಿಲ್ಲಿಸಿ, ಬದಿಯ ಬೇವಿನ ಗಿಡದ ಕೆಳಗೆ ಕೂತಿದ್ದ ಹೊಲದ ಯಜಮಾನನ ಮೇಲೆ ಹರಿಹಾಯ್ದೆ. ಇದು ಸರಕಾರದ ರಸ್ತೆಯೋ ನಿಮ್ಮ ಹಿತ್ತಲೋ, ಮಕ್ಕಳ ಕೈಕಾಲು ಮುರಿದರೆ ಯಾರು ಜವಾಬ್ದಾರಿ, ಎಂದು ಉಸಿರು ತಿರುಗಿಸದೆ ಬೈದೆ. ತಪ್ಪು ಯಾರದು ಎಂದು ಯಾರನ್ನಾದರೂ ಕೇಳಿ, ಹೇಳುತ್ತಾರೆ.

ಯಜಮಾನ ಎದ್ದು ಬಂದ. ಕ್ಷಮೆ ಕೇಳುತ್ತಾನೆಂದು ನಾನು ಸ್ವಲ್ಪ ತಣ್ಣಗಾದೆ. ಅವನು ನನ್ನನ್ನು ನೋಡಲೇ ಇಲ್ಲ. ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ, ತೂಗಿ ನೋಡಿ, ಮುಖ ಕೆಡಿಸಿಕೊಂಡು ಕೆಳಗಿಟ್ಟ. ಅವನಿಗೂ ಸಿಟ್ಟು ಬಂದಿತ್ತು.

"ಇಷ್ಟ ಹಗೂರ ಗಾಡಿ ತಂದ್ರ ಕಾಳ ಹೆಂಗ ಉದರತಾವರಿ? ಬಂದದ್ದ ಬಂದೀರಿ, ನಿಮ್ಮ ಮೋಟಾರ್ ಸೈಕಲ್ಲಿಂದ ನಾಕ ಸರತಿ ಅಡ್ಡಾಡಿ ಹೋಗ್ರಿ."

೪. ನನ್ನ ಕೈಕೆಲಸ

ಇದನ್ನು ಹೇಳಬಾರದೆಂದಿದ್ದೆ. ಆದರೆ ಬೇರೆಯವರ ತಪ್ಪನ್ನೆಲ್ಲ ಹೇಳಿ ನನ್ನದನ್ನು ಮುಚ್ಚಿಟ್ಟರೆ ನ್ಯಾಯವಲ್ಲ.

ಬಳ್ಳಿ ಬಿಡಿಸಲು ಬ್ರೇಕು ಬಿಚ್ಚಿ, ಒರೆಸಿ, ಸಂಜೆ ಅಂಗಡಿಯಲ್ಲಿ ಮತ್ತೆ ಜೋಡಿಸುತ್ತಿದ್ದೆ. ಇಂಥ ಬ್ರೇಕಿನಲ್ಲಿ ರಬ್ಬರು ಒಂದು ಸಣ್ಣ ಕವಚದೊಳಗೆ ಜಾರಿಸಿ ಕೂರಿಸುವಂಥದ್ದು. ಕವಚದ ಒಂದು ತುದಿ ಮುಚ್ಚಿರುತ್ತದೆ, ಇನ್ನೊಂದು ತೆರೆದಿರುತ್ತದೆ. ಮುಚ್ಚಿದ ತುದಿ ಮುಂದಕ್ಕಿರಬೇಕು. ಹಿಂದುಮುಂದಾದರೆ, ಬ್ರೇಕು ಹಿಡಿದೊಡನೆ ತಿರುಗುವ ಚಕ್ರ ರಬ್ಬರನ್ನು ಎಳೆದು ಹೊರಗೆ ಎಸೆಯುತ್ತದೆ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಬೆಂಚಿನ ಮೇಲೆ ನಾಲ್ವರು ಕೂತು ಚಪ್ಪಲಿಯ ಗುಣಗಾನ ನಡೆಸಿದ್ದರು, ನಾನು ಅವರಿಗೆ ಉತ್ತರ ಕೊಡುತ್ತ ಪಾನಾ ತಿರುಗಿಸುತ್ತಿದ್ದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಮುಂದಿನ ಬ್ರೇಕಿನ ಎಡಗಡೆ ಕವಚ ಬಲಕ್ಕೆ, ಬಲಗಡೆಯದು ಎಡಕ್ಕೆ ಹೋಯಿತು. ರಬ್ಬರು ಹಿಡಿದಿಡುವ ಸಣ್ಣ ಸ್ಕ್ರೂ ಹಾಕಿದೆನೋ ಇಲ್ಲವೋ ಅದೂ ನೆನಪಿಲ್ಲ. ಹಾಕಿರಲಿಲ್ಲ.

ಮರುದಿನ ಯಲ್ಲಮ್ಮನ ಗುಡ್ಡದ ಇಳಿಜಾರು. ಮೊದಲ ತಿರುವಿನಲ್ಲಿ ಹುಡುಗಿ ಚೆನ್ನಾಗಿಯೇ ಇಳಿದಳು. ಎರಡನೆಯದರಲ್ಲಿ ಮುಂದಿನ ಬ್ರೇಕು ಹಿಡಿದಾಗ ಏನೋ ಕಪ್ಪಗಿನದು ಹಾರಿ ನನ್ನ ಮೋಟಾರ್ ಸೈಕಲ್ಲಿನ ದೀಪಕ್ಕೆ ಟಣ್ಣೆಂದು ಬಡಿಯಿತು. ಹಿಂದೆಯೇ ಇನ್ನೊಂದು ಹಾರಿತು. ನನಗೆ ತಿಳಿದುಹೋಯಿತು. ತಂಗಿಯ ಮುಂದೆ ಹೋಗಿ ಹೇಗೆ ನಿಲ್ಲಲಿ ಎಂಬುದೊಂದೇ ತಲೆಯಲ್ಲಿತ್ತು.

ಆದರೆ ಹುಡುಗಿ ಗಾಬರಿಯಾಗಲಿಲ್ಲ. ಹಿಂದಿನ ಬ್ರೇಕನ್ನಷ್ಟೇ ಹಿಡಿದು, ಕಣಿವೆಯ ಬದಿ ಬಿಟ್ಟು ಗುಡ್ಡದ ಬದಿಗೆ ತಿರುಗಿಸಿ, ಮಣ್ಣಿನ ದಿಬ್ಬ ಹತ್ತಿಸಿ ನಿಲ್ಲಿಸಿದಳು. ಮೊಣಕಾಲು ತರಚಿತ್ತು, ಅಷ್ಟೇ. ನಾನು ಗಾಡಿ ಬಿಟ್ಟು ರಸ್ತೆ ಬದಿಯ ಕಲ್ಲಿನ ಮೇಲೆ ಕುಸಿದು ಕೂತೆ. ಯಾರನ್ನಾದರೂ ಬಯ್ಯಬೇಕೆಂದು ಸುತ್ತ ನೋಡಿದೆ, ಅಲ್ಲಿ ಬಯ್ಯಲು ತಕ್ಕವನು ನಾನೊಬ್ಬನೇ ಇದ್ದೆ. ಹುಡುಗಿ ಹಿಂದಕ್ಕೆ ನಡೆದುಹೋಗಿ ಎರಡೂ ರಬ್ಬರು ಹುಡುಕಿ ಆರಿಸಿಕೊಂಡು ಬಂದು ನನ್ನ ಅಂಗೈಯಲ್ಲಿಟ್ಟಳು.

"ಮಾಮಾ, ಬ್ರೇಕ್ ಇನ್ನೂ ಹಗೂರ ಆದುವು ನೋಡ್ರಿ."

೫. ಗೆರೆಯ ಈಚೆ

ಅವತ್ತು ಸಂಜೆ ಶಟರ್ ಎಳೆದುಕೊಂಡು, ಒಳಗೆ ಒಬ್ಬನೇ ಕೂತು, ಬ್ರೇಕು ಸರಿಯಾಗಿ ಜೋಡಿಸಿದೆ. ಮೂರು ಸಲ ಬಿಚ್ಚಿ ಮೂರು ಸಲ ಹಾಕಿದೆ.

ರೇಸು ರಾಮದುರ್ಗದ ಆಚೆ ಸಾಲಹಳ್ಳಿ ಕಡೆಯ ರಸ್ತೆಯಲ್ಲಿ. ಮೊದಲು ಏರು, ಆಮೇಲೆ ಉದ್ದನೆಯ ಇಳಿಜಾರು, ಕೊನೆಗೆ ಎರಡು ಕಿಲೋಮೀಟರ್ ಸಪಾಟು. ಮುಕ್ತಾಯದ ಹತ್ತಿರ ಎರಡೂ ಬದಿಗೆ ಹಗ್ಗ ಕಟ್ಟಿ, ರಸ್ತೆಯ ಮೇಲೆ ಸುಣ್ಣದಿಂದ ಅಡ್ಡ ಗೆರೆ ಎಳೆದಿದ್ದರು. ನನ್ನನ್ನು ಗೆರೆಯಿಂದ ಐವತ್ತು ಹೆಜ್ಜೆ ಆಚೆಗೆ, ಹಗ್ಗದ ಹಿಂದೆ ನಿಲ್ಲಿಸಿದ್ದರು. ಬೆಳಿಗ್ಗೆ ಒಬ್ಬ ಅಧಿಕಾರಿಯ ಜೊತೆ ಸ್ವಲ್ಪ ಮಾತಾಗಿತ್ತು, ಅದಕ್ಕೆ. ತಂಗಿ ಮನೋಳಿಯಿಂದ ಬಸ್ಸಿನಲ್ಲಿ ಬಂದು ಗುಂಪಿನಲ್ಲೆಲ್ಲೋ ಇದ್ದಳು.

ಇಳಿಜಾರಿನ ಬುಡದಲ್ಲಿದ್ದ ಪರಿಚಯದವರೊಬ್ಬರು ಫೋನು ಮಾಡಿದರು. ನಮ್ಮ ಹುಡುಗಿ ಏರಿನ ತುದಿಯಲ್ಲಿ ಮೂರನೆಯವಳಾಗಿದ್ದಳಂತೆ. ಇಳಿಜಾರಿನಲ್ಲಿ ಉಳಿದವರು ತಿರುವಿಗೆ ಮೊದಲೇ ಬ್ರೇಕು ಹಿಡಿದರೆ, ಇವಳು ತಿರುವಿನ ತನಕ ಬಿಟ್ಟುಕೊಂಡು ಹೋಗಿ, ಒಂದು ಸಲ ಗಪ್ಪನೆ ಹಿಡಿದು ಬಿಟ್ಟು, ಇಬ್ಬರನ್ನೂ ದಾಟಿ ಬಂದಳಂತೆ. ನನ್ನ ಕಣ್ಣಲ್ಲಿ ನೀರು ಬಂತು. ಒಂದು ತಿಂಗಳಲ್ಲಿ ಮೊದಲ ಸಲ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ಅಷ್ಟರಲ್ಲಿ ಅವಳು ಕಂಡಳು. ಒಬ್ಬಳೇ. ಹಿಂದಿನವಳು ಬಹಳ ದೂರ. ನೂರು ಗಜ, ಐವತ್ತು ಗಜ. ಆಗ ಹಗ್ಗದ ಕೆಳಗಿಂದ ನುಸುಳಿ ನನ್ನ ತಂಗಿ ರಸ್ತೆಯ ನಡುವೆ ಬಂದು ನಿಂತಳು. ಕೈಯಲ್ಲಿ ಆರತಿಯ ತಾಟು, ಅದರಲ್ಲಿ ಉರಿಯುವ ದೀಪ.

ಅವಳ ಲೆಕ್ಕ ಏನೆಂದು ಆಮೇಲೆ ತಿಳಿಯಿತು. ಈ ಗೆರೆ ಏನೆಂದು ಯಾರನ್ನೋ ಕೇಳಿದ್ದಾಳೆ. ಅದನ್ನು ದಾಟಿದರೆ ನಿಮ್ಮ ಮಗಳು ಒಳಗೆ ಹೋದಂತೆ ಎಂದು ಅವರು ಹೇಳಿದ್ದಾರೆ. ಹಾಗಾದರೆ ಅದು ಹೊಸ್ತಿಲು. ಗೆದ್ದು ಬಂದವರನ್ನು ಹೊಸ್ತಿಲ ಹೊರಗೆ ನಿಲ್ಲಿಸಿ ಆರತಿ ಬೆಳಗಿ ಆಮೇಲೆ ಒಳಗೆ ಕರೆದುಕೊಳ್ಳುವುದು ನಮ್ಮ ಮನೆಗಳ ಪದ್ಧತಿ. ದಾಟಿದ ಮೇಲೆ ಬೆಳಗಿದರೆ ಏನು ಬಂತು? ಅದಕ್ಕೇ ಗೆರೆಗೆ ನಾಲ್ಕು ಮಾರು ಮೊದಲೇ, ಅದರ ಈಚೆಗೆ ನಿಂತಿದ್ದಳು.

ಹುಡುಗಿ ಬ್ರೇಕು ಹಿಡಿದಳು. ಇಪ್ಪತ್ತೆಂಟು ತೊಲಿಯ ಬ್ರೇಕು ಸದ್ದಿಲ್ಲದೆ ಹಿಡಿದು, ಸೈಕಲ್ಲು ತಾಟಿಗೆ ಒಂದು ಗೇಣು ಇರುವಾಗ ನಿಂತಿತು. ಒಂದು ಕಾಲು ನೆಲಕ್ಕೂರಿ, ಏದುಸಿರು ಬಿಡುತ್ತ, ಹುಡುಗಿ ತಲೆ ಬಗ್ಗಿಸಿದಳು. ಆರತಿ ಹಿಡಿದ ತಾಯಿಯನ್ನು ದಾಟಿ ಹೋಗುವುದು ಅವಳಿಂದ ಆಗುವ ಮಾತಲ್ಲ. ನಾನು ಹಗ್ಗದ ಹಿಂದೆ ಹೋಗು ಹೋಗು ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ಅಧಿಕಾರಿ ಕೆನ್ನೆ ಉಬ್ಬಿಸಿ ಸೀಟಿ ಊದುತ್ತ ಓಡಿ ಬಂದ. ದೀಪ ಆರುತ್ತದೆ, ಸ್ವಲ್ಪ ಆಚೆ ನಿಂತು ಊದಿ ಎಂದು ತಂಗಿ ಅವನಿಗೆ ಹೇಳಿದಳಂತೆ.

ಅಷ್ಟರಲ್ಲಿ ಎರಡನೆಯವಳು, ಕಿತ್ತೂರ ಕಡೆಯ ಹುಡುಗಿ, ಬಂದೇಬಿಟ್ಟಳು. ಹೋಯಿತು ಎಂದು ನಾನು ಕಣ್ಣು ಮುಚ್ಚಿದೆ. ತಂಗಿ ಅವಳ ಮುಂದೆಯೂ ತಾಟು ಚಾಚಿದಳು. ಒಂದು ಮಗುವಿಗೆ ಬೆಳಗಿ ಇನ್ನೊಂದನ್ನು ಹಾಗೇ ಕಳಿಸಿದರೆ ಮನೆತನಕ್ಕೆ ಶೋಭೆಯೇ?

"ನಿಲ್ಲವಾ. ನೀನೂ ಯಾರೋ ಹಡದ ಮಗಳಽ ಅದಿ."

ಕಿತ್ತೂರ ಹುಡುಗಿಯ ಬ್ರೇಕು ಕಿರ್ರೆಂದಿತು. ಅವಳೂ ಕಾಲೂರಿ ತಲೆ ಬಗ್ಗಿಸಿದಳು. ಮೂರನೆಯವಳು ಬಂದಳು, ಅವಳೂ ನಿಂತಳು. ರಸ್ತೆಯ ತುಂಬ ಸಾಲಾಗಿ ಮೂರು ರೇಸ್ ಸೈಕಲ್ಲು, ಮೂರು ಬಗ್ಗಿದ ತಲೆ. ನನ್ನ ತಂಗಿ ಒಂದಿಷ್ಟೂ ಅವಸರವಿಲ್ಲದೆ ಒಬ್ಬೊಬ್ಬಳಿಗೂ ಮೂರು ಸುತ್ತು ಬೆಳಗಿ, ಕುಂಕುಮ ಹಚ್ಚಿ, ಇನ್ನು ಒಳಗೆ ಹೋಗಿ ಎಂದು ಪಕ್ಕಕ್ಕೆ ಸರಿದಳು. ಉಳಿದಿಬ್ಬರ ಸೈಕಲ್ಲು ಭಾರದ ಗಿಯರಿನಲ್ಲೇ ನಿಂತಿದ್ದವು, ಪೆಡಲ್ ಒತ್ತಿದರೆ ಓಲಾಡತೊಡಗಿದವು. ನಮ್ಮ ಹುಡುಗಿ ಬ್ರೇಕು ಹಿಡಿಯುವಾಗಲೇ ಗಿಯರು ಇಳಿಸಿಕೊಂಡಿದ್ದಳು. ಮೊದಲು ಅವಳೇ ದಾಟಿದಳು. ಕಿತ್ತೂರ ಹುಡುಗಿ ಎರಡನೆಯವಳು.

ಆಮೇಲೆ ಅರ್ಧ ಗಂಟೆ ಜಗಳ. ಮೂರನೆಯವಳ ತರಬೇತುದಾರ ನಿಯಮದ ಪುಸ್ತಕ ಬಿಚ್ಚಿಸಿದ. ನಾಯಿ ಅಡ್ಡ ಬಂದರೆ ಏನು, ರೈಲ್ವೆ ಗೇಟು ಬಿದ್ದರೆ ಏನು, ಎಲ್ಲ ಇತ್ತು. ಆರತಿಗೆ ನಿಯಮವಿರಲಿಲ್ಲ. ಕೊನೆಗೆ, ಮೂವರೂ ತಾವಾಗಿಯೇ ನಿಂತಿದ್ದಾರೆ, ಬಂದ ಕ್ರಮದಲ್ಲೇ ದಾಟಿದ್ದಾರೆ, ಆದ್ದರಿಂದ ಬದಲಿಲ್ಲ ಎಂದು ತೀರ್ಮಾನವಾಯಿತು. ಹುಡುಗಿಗೆ ಹಾಸ್ಟೆಲು ಸಿಕ್ಕಿತು.

ನಾನು ಹಗ್ಗ ಹಾರಿ ನೇರ ತಂಗಿಯ ಹತ್ತಿರ ಹೋದೆ. ಆಯ್ಕೆಯಾದ ಸಂತೋಷ ಒಂದು ಕಡೆ ಇರಲಿ, ನನ್ನ ಮೈಯೆಲ್ಲ ಉರಿಯುತ್ತಿತ್ತು. ಒಂದು ತಿಂಗಳು ಊರವರ ಕೈಲಿ ಏನೇನು ಅನ್ನಿಸಿಕೊಂಡೆ, ಯಾವ ಗುಡ್ಡದಲ್ಲಿ ಜೀವ ಬಾಯಿಗೆ ಬಂದಿತ್ತು, ಎಲ್ಲವನ್ನೂ ಅವಳ ಮೇಲೆ ಸುರಿಯಬೇಕೆಂದು ಬಾಯಿ ತೆರೆದೆ. ಅವಳು ನನ್ನ ಹಣೆಗೂ ಕುಂಕುಮ ಹಚ್ಚಿ, ಬಾಯಿಗೆ ಸಕ್ಕರೆ ಹಾಕಿ, ತಾಟನ್ನು ಚೀಲದೊಳಗಿಟ್ಟುಕೊಳ್ಳುತ್ತ ಹೇಳಿದಳು:

"ಬ್ರೇಕ್ ಬ್ರೇಕ್ ಅಂತ ಒಂದ ತಿಂಗಳ ಊರ ತಲಿಮ್ಯಾಲ ಹೊತಗೊಂಡಿದ್ದಿ. ಮೂರೂ ಹುಡುಗ್ಯಾರನ ನಿಲ್ಲಸಾಕ ಏನ ಹತ್ತತು ಅಣ್ಣಾ, ಒಂದು ತಾಟ."